ಫೆಬ್ರುವರಿಯ ಯಾದಗಿರಿಯಲ್ಲಿ ಎಷ್ಟು ಮಂದಿ?

ರೈಲು ಯಾದಗಿರಿಯಲ್ಲಿ ನಿಲ್ಲುವುದು ಒಂದೆರಡು ನಿಮಿಷ. ಇಳಿಯುವವರು ಇಳಿಯುವ ಮೊದಲೇ ಜನರಲ್ ಬೋಗಿಯ ಬಾಗಿಲಿಗೆ ಚೀಲಗಳು ಬಂದು ಬೀಳುತ್ತವೆ. ತೊಳೆದ ಯೂರಿಯಾ ಚೀಲ, ಬಾಯಿಗೆ ಸುತಳಿ ಹೊಲಿಗೆ. ಒಳಗೆ ಜೋಳದ ಹಿಟ್ಟು, ಶೇಂಗಾ ಹಿಂಡಿ, ಒಂದು ಬುಟ್ಟಿ, ಎರಡು ತಾಟು. ಹೆಗಲ ಮೇಲೆ ಮಡಿಸಿದ ಕೌದಿ. ನೀವು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತೀರಿ. ಗಂಡ, ಹೆಂಡತಿ, ಸೊಂಟದ ಮೇಲೊಂದು ಕೂಸು. ಹಿಂದೆ ಇನ್ನೊಂದು ಕುಟುಂಬ, ಅದರ ಹಿಂದೆ ಮತ್ತೊಂದು. ಈ ಹಳಿ ಒಂದು ಕಡೆ ವಾಡಿ, ಸೊಲ್ಲಾಪುರ, ಪುಣೆ ದಾಟಿ ಮುಂಬೈಗೆ ಹೋಗುತ್ತದೆ. ಇನ್ನೊಂದು ಕಡೆ ರಾಯಚೂರು, ಗುಂತಕಲ್ ದಾಟಿ ಬೆಂಗಳೂರಿಗೆ. ಎರಡೂ ಕಡೆ ಯಾದಗಿರಿಯ ಕೈಗಳಿಗೆ ಕೆಲಸವಿದೆ. ನಡುವೆ, ಯಾದಗಿರಿಯಲ್ಲಿ, ಈ ಹಂಗಾಮಿನಲ್ಲಿ ಇಲ್ಲ.

ಹೊರಗೆ ಬಂದರೆ ಊರ ನೆತ್ತಿಗೆ ಬಂಡೆಗಲ್ಲಿನ ಗುಡ್ಡ, ಗುಡ್ಡದ ತುದಿಗೆ ಕೋಟೆ. ಚಹಾದಂಗಡಿಯಲ್ಲಿ ಆಗಷ್ಟೇ ಬೋಣಿ. 2009-10ರಲ್ಲಿ ಗುಲ್ಬರ್ಗ (ಇಂದಿನ ಕಲಬುರಗಿ) ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಬೇರ್ಪಡಿಸಿ ರಾಜ್ಯದ 30ನೇ ಜಿಲ್ಲೆ ಮಾಡಿದರು. ಹೊಸ ಜಿಲ್ಲೆ ಕಣ್ಣುಬಿಟ್ಟು ಸಾವರಿಸಿಕೊಳ್ಳುವಷ್ಟರಲ್ಲೇ 2011ರ ಜನಗಣತಿ ಬಂತು. ಸಿಕ್ಕ ಅಂಕಿ 11,74,271. ಅದರಲ್ಲಿ ಶೇ 81ರಷ್ಟು ಮಂದಿ ಹಳ್ಳಿಗಳಲ್ಲಿ. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಮಂದಿ ಇದ್ದರೆ ಇಲ್ಲಿ 223. ಅಂದಿನಿಂದ ಇಂದಿನವರೆಗೆ ಈ ಜಿಲ್ಲೆಯ ಅಕ್ಕಿ, ಅನುದಾನ, ಪಂಚಾಯಿತಿ ಸದಸ್ಯರ ಸಂಖ್ಯೆ ಎಲ್ಲವೂ ಆ ಒಂದು ಅಂಕಿಯ ಮೇಲೆಯೇ ನಿಂತಿವೆ. ಆ ಅಂಕಿ ಸಿಕ್ಕದ್ದು ಎಂಥ ತಿಂಗಳಲ್ಲಿ ಎಂಬುದನ್ನು ನೋಡಲು ನೀವು ಬಂದಿದ್ದೀರಿ.

ಗುರುಮಠಕಲ್ ಕಡೆಯ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ಹತ್ತಿರಿ. ಕಂಡಕ್ಟರ್ ಕೈಗೆ ನೋಟಿಗಿಂತ ಆಧಾರ್ ಕಾರ್ಡುಗಳೇ ಹೆಚ್ಚು ಬರುತ್ತಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್‌ನ ಬೆಲೆ ಸೊನ್ನೆ. ಸಂತೆಗೆ, ದವಾಖಾನೆಗೆ, ಕಚೇರಿಗೆ ಹೋಗುವವರು ಅವರೇ. ಗಂಡಸರ ಸೀಟುಗಳಲ್ಲಿ ಕೂತವರು ಬಹುತೇಕ ಮುದುಕರು ಇಲ್ಲವೇ ಮೀಸೆ ಮೂಡದ ಹುಡುಗರು. ಕಿಟಕಿಯಾಚೆ ಹೊಲಗಳು ಬೋಳಾಗಿವೆ. ತೊಗರಿ ರಾಶಿ ಮುಗಿದು ಕಟ್ಟಿಗೆಯ ಬಣವೆ ಉಳಿದಿದೆ. ಹತ್ತಿಯ ಕೊನೆಯ ಬಿಡಿಸುವಿಕೆಯೂ ಆಗಿಹೋಗಿ, ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಎಳೆ. ಇನ್ನು ಮುಂಗಾರಿನವರೆಗೆ ಈ ಮಣ್ಣು ಯಾರನ್ನೂ ಕೂಲಿಗೆ ಕರೆಯುವುದಿಲ್ಲ.

ಮುಖ್ಯರಸ್ತೆಯಲ್ಲಿ ಇಳಿದು ಟಂಟಂ ಹಿಡಿದರೆ ತಾಂಡಾ. ಅಲ್ಲಿ ನಿಮಗಿಂತ ಮೊದಲೇ ಗ್ರಾಮ ಆಡಳಿತ ಅಧಿಕಾರಿಯ ಬೈಕು ನಿಂತಿದೆ. ಹಿರಿಯರ ಬಾಯಲ್ಲಿ ಆತ ಇನ್ನೂ ತಲಾಟಿಯೇ. ಕಂಕುಳಲ್ಲಿ ರೆಕ್ಸಿನ್ ಚೀಲ, ಕೈಯಲ್ಲಿ ಫೋನು, ಫೋನಿನಲ್ಲಿ ಇಲಾಖೆಗೊಂದು ಆ್ಯಪು. ಇವತ್ತಿನ ಕೆಲಸ ಸಂಧ್ಯಾ ಸುರಕ್ಷಾ ಪಟ್ಟಿಯಲ್ಲಿರುವವರು ಬದುಕಿದ್ದಾರೋ ಇಲ್ಲವೋ ನೋಡುವುದು. ತಿಂಗಳಿಗೆ 1,200 ರೂಪಾಯಿಯ ಪಿಂಚಣಿ. ಆತನ ಹಿಂದೆ ನೀವೂ ನಡೆಯಿರಿ.

ಮೊದಲ ಮನೆಗೆ ಬೀಗ. ಎರಡನೆಯದಕ್ಕೂ ಬೀಗ. ಮೂರನೆಯ ಮನೆಯ ಬಾಗಿಲಿಗೆ ಬೀಗವೂ ಇಲ್ಲ, ಚಿಲಕಕ್ಕೆ ತಂತಿ ಸುತ್ತಿದೆ. ಕಳವಾಗುವಂಥದ್ದು ಒಳಗೇನೂ ಇರಲಾರದು. ಮೂರೂ ಮನೆಯ ಬಾಗಿಲಚೌಕಟ್ಟಿನ ಬಳಿ ಒಂದೊಂದು ಸ್ಟಿಕ್ಕರ್. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮುನ್ನ ಕರೆಂಟ್ ಮೀಟರ್ ಓದುವವರು ಮನೆಮನೆಗೂ ಅಂಟಿಸಿಹೋದದ್ದು. ಬಿಸಿಲಿಗೆ ಅಂಚು ಸುರುಳಿಕೊಂಡಿದೆ, ಅಂಕಿ ಮಾತ್ರ ಓದಬಹುದು. ಹತ್ತಿರ ಹೋಗಿ ನೋಡಿ: ಸ್ಟಿಕ್ಕರಿನ ಕೆಳಗೆ ಬಾಗಿಲ ಮೇಲೆಯೇ ಇದ್ದಿಲಲ್ಲಿ ಬರೆದ ಇನ್ನೊಂದು ನಂಬರು. ಅದರ ಪಕ್ಕ ಬಳಪದಲ್ಲಿ ಮತ್ತೊಂದು. ಪಲ್ಸ್ ಪೋಲಿಯೊ ಹಾಕಲು ಬಂದವರು ಬರೆದುಹೋದದ್ದು. ಸರ್ಕಾರ ಈ ಮನೆಗೆ ಮತ್ತೆ ಮತ್ತೆ ಬಂದಿದೆ, ಬಂದಾಗಲೆಲ್ಲ ಗುರುತು ಹಾಕಿಹೋಗಿದೆ.

ನಾಲ್ಕನೇ ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ಕೂತಿದ್ದಾಳೆ. ಎದುರಿಗೆ ಇಬ್ಬರು ಮೊಮ್ಮಕ್ಕಳು.

‘ಆಯೀ, ಮಗ ಎಲ್ಲಿ ಹೋಗ್ಯಾನ?’

‘ಎಲ್ಲಿಗ್ ಹೋಗ್ತಾನ್ರೀ ಸಾಹೇಬ್ರ, ಬೆಂಗ್ಳೂರಿಗೆ. ಸೊಸಿನೂ ಹೋಗ್ಯಾಳ. ಹೋಳಿಗೆ ಬರ್ತಾರ.’

‘ಈ ಹುಡುಗ್ರು?’

‘ಇವೆರಡು ಸಾಲಿಗೆ ಹೋಗ್ತಾವಂತ ನನ್ನ ಹತ್ರ ಬಿಟ್ಟಾರ. ಸಣ್ಣದನ್ನ ಕರ್ಕೊಂಡು ಹೋಗ್ಯಾರ.’

ಅಧಿಕಾರಿ ಅಜ್ಜಿಯ ಹೆಬ್ಬೆರಳನ್ನು ಯಂತ್ರದ ಮೇಲಿಡುತ್ತಾನೆ. ಕೆಂಪು ದೀಪ. ಸೀರೆಯ ಸೆರಗಿಗೆ ಬೆರಳು ಒರೆಸಿ ಮತ್ತೆ ಇಡುತ್ತಾಳೆ. ಮತ್ತೆ ಕೆಂಪು. ಎಷ್ಟೋ ವರ್ಷ ಕುಡುಗೋಲು, ಕಲ್ಲು, ಗಾರೆ ಮುಟ್ಟಿದ ಬೆರಳಿನಲ್ಲಿ ಗೆರೆ ಉಳಿದಿಲ್ಲ. ತೋರುಬೆರಳು, ನಡುಬೆರಳು ಆದ ಮೇಲೆ ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತುತ್ತದೆ. ಅಜ್ಜಿ ಬದುಕಿದ್ದಾಳೆ.

ಈ ತಾಂಡಾದ ಮನೆಗಳಿಗೆ ಬೀಗ ಬೀಳುವುದು ದಸರಾ, ದೀಪಾವಳಿ ಕಳೆದ ಮೇಲೆ. ತೆರೆಯುವುದು ಹೋಳಿಗೆ ಇಲ್ಲವೇ ಯುಗಾದಿಗೆ. ಜನಗಣತಿಯ ಎಣಿಕೆ ನಡೆಯುವುದು ಸರಿಯಾಗಿ ಇವೆರಡರ ನಡುವೆ. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಎಣಿಸಿ, ಮಾರ್ಚ್ 1ರ ಸೊನ್ನೆ ಗಂಟೆಗೆ ಲೆಕ್ಕ ಮುಚ್ಚಿದರು. ನಿಯಮ ಸರಳ. ಆ ಅವಧಿಯಲ್ಲಿ ಒಂದಷ್ಟು ದಿನವಾದರೂ ಮನೆಯಲ್ಲಿದ್ದವರನ್ನು ಆ ಮನೆಯಲ್ಲಿ ಎಣಿಸಬೇಕು. ಪೂರ್ತಿ ಅವಧಿ ಹೊರಗಿದ್ದವರನ್ನು ಅವರು ಎಲ್ಲಿದ್ದಾರೋ ಅಲ್ಲಿ. ಅಜ್ಜಿ ಮತ್ತು ಇಬ್ಬರು ಮಕ್ಕಳು ಯಾದಗಿರಿಯ ಲೆಕ್ಕಕ್ಕೆ ಬರುತ್ತಾರೆ. ಮಗ, ಸೊಸೆ, ಕೂಸು ಬೆಂಗಳೂರಿನ ಲೆಕ್ಕಕ್ಕೆ. ಅದೂ ಅಲ್ಲಿನ ಗಣತಿದಾರರು ಕಟ್ಟಡದ ಹಿಂದಿನ ತಗಡಿನ ಶೆಡ್ಡಿಗೆ ಹೋಗಿದ್ದರೆ. ಹೋಗದಿದ್ದರೆ ಎಲ್ಲಿಯೂ ಇಲ್ಲ.

ಹೀಗೆ ಲೆಕ್ಕ ತಪ್ಪಿಹೋಗುವುದು ಈ ತಾಂಡಾಗಳಿಗೆ ಹೊಸದಲ್ಲ. ಬಹಳ ವರ್ಷ ಇಂಥ ವಸತಿಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಯಾವುದೋ ಹಳ್ಳಿಯ ಸರ್ವೆ ನಂಬರಿನಲ್ಲಿ ಎದ್ದ ಗುಡಿಸಲುಗಳು, ಅಷ್ಟೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ಮಳಖೇಡದಲ್ಲಿ ನಡೆದದ್ದು 2023ರ ಜನವರಿ 19ರಂದು. ಅಜ್ಜಿಯ ಮನೆಗಿಂತ ಅಜ್ಜಿಯ ಊರಿನ ವಯಸ್ಸು ಕಡಿಮೆ.

ಅಲ್ಲಿಂದ ಪಂಚಾಯಿತಿ ಕಚೇರಿಗೆ ಬನ್ನಿ. ಗೋಡೆಗೆ ಮಹಾತ್ಮ ಗಾಂಧಿ, ಅಂಬೇಡ್ಕರ್, ಬಸವಣ್ಣನವರ ಪಟಗಳು. ಮೂಲೆಯ ಕಪಾಟಿನಲ್ಲಿ ಜಾಬ್ ಕಾರ್ಡುಗಳ ಕಟ್ಟು. ಡಾಟಾ ಎಂಟ್ರಿ ಹುಡುಗ ಕರೆಂಟ್ ಹೋಗುವ ಮೊದಲು ಒಂದು ಪಟ್ಟಿ ಮುಗಿಸುವ ಗಡಿಬಿಡಿಯಲ್ಲಿದ್ದಾನೆ. ಬೆಂಚಿನ ಮೇಲೆ ಕೂತು ಕಾಯಿರಿ. ಪಿಡಿಒ ತಾಲ್ಲೂಕು ಪಂಚಾಯಿತಿಯ ವಿಡಿಯೊ ಕಾನ್ಫರೆನ್ಸಿನಲ್ಲಿದ್ದಾರೆ.

ಕಾಯುವಾಗ ಲೆಕ್ಕ ಹಾಕಿ ನೋಡಬಹುದು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ 5,000ದಿಂದ 7,000 ಜನಕ್ಕೊಂದು ಗ್ರಾಮ ಪಂಚಾಯಿತಿ, 400 ಜನಕ್ಕೊಬ್ಬ ಸದಸ್ಯ. ಜನ ಎಂದರೆ ಹಿಂದಿನ ಜನಗಣತಿಯಲ್ಲಿ ಸಿಕ್ಕ ಜನ. ನಾಲ್ಕು ತಾಂಡಾಗಳಿಂದ ನೂರು ನೂರು ಮಂದಿ ಆ ಫೆಬ್ರುವರಿಯಲ್ಲಿ ಊರು ಬಿಟ್ಟಿದ್ದರೆ ಈ ಮೇಜಿನ ಸುತ್ತ ಒಂದು ಕುರ್ಚಿ ಕಡಿಮೆ. ಹದಿನೈದನೇ ಹಣಕಾಸು ಆಯೋಗದ ಅನುದಾನಕ್ಕೂ 2011ರ ಜನಸಂಖ್ಯೆಯೇ ಆಧಾರವಾಗಿತ್ತು. ಆಹಾರ ಭದ್ರತಾ ಕಾಯ್ದೆಯಡಿ ರಾಜ್ಯಕ್ಕೆ ಕೇಂದ್ರ ಎಷ್ಟು ಮಂದಿಯ ಅಕ್ಕಿ ಕೊಡುತ್ತದೆ ಎಂಬ ಮಿತಿಗೂ ಅದೇ. 2011ರಲ್ಲಿ ತೊಟ್ಟಿಲಲ್ಲಿದ್ದ ಮಗು ಈಗ ಹೈಸ್ಕೂಲಿನಲ್ಲಿದೆ. ಅಂದು ಹೈಸ್ಕೂಲಿನಲ್ಲಿದ್ದ ಹುಡುಗಿಗೆ ಎರಡು ಮಕ್ಕಳು. ಮಿತಿ ಮಾತ್ರ ಹಾಗೆಯೇ ಇದೆ.

ಉದ್ಯೋಗ ಖಾತ್ರಿ ಇತ್ತಲ್ಲ, ಊರು ಯಾಕೆ ಬಿಡಬೇಕು ಎಂದು ನೀವು ಕೇಳಬಹುದು. ಬೆಂಚಿನಲ್ಲಿ ಪಕ್ಕಕ್ಕೆ ಕೂತವನಿಗೆ ಆ ಪ್ರಶ್ನೆ ಕೇಳಿ. 2005ರ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಮಾತು ಕೊಟ್ಟಿತು. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಆದರೆ ನಮೂನೆ 6 ಬರೆದುಕೊಟ್ಟು, ಕೆಲಸ ಮಂಜೂರಾಗಿ, ಹಾಜರಿಯ ಫೋಟೊ ಅಪ್‌ಲೋಡ್ ಆಗಿ, ಕೂಲಿ ಖಾತೆಗೆ ಬರುವವರೆಗೆ ಮನೆಯಲ್ಲಿ ಒಲೆ ಉರಿಯಬೇಕಿತ್ತು. ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಹಾಗಲ್ಲ. ಮುಂಗಡವನ್ನು ತಾಂಡಾಕ್ಕೇ ತಂದು ಕೈಯಲ್ಲಿ ಇಡುತ್ತಾನೆ. ಮಗಳ ಮದುವೆಯ ಸಾಲ ಅದರಲ್ಲಿ ತೀರುತ್ತದೆ, ಮುಂಗಡ ತೀರಿಸಲು ಹೋಳಿಯವರೆಗೆ ದುಡಿಯಬೇಕಾಗುತ್ತದೆ.

ಪಂಚಾಯಿತಿಯಿಂದ ನಾಡ ಕಚೇರಿಗೆ ಬಂದರೆ, ಹೊತ್ತು ಏರುತ್ತಿದ್ದಂತೆ ಸಾಲು ಬಾಗಿಲ ಹೊರಗೆ ಬಂದಿದೆ. ಹೋಬಳಿಗೊಂದು ಇರುವ ಈ ಕಚೇರಿಯೇ ಹಳ್ಳಿಯವರಿಗೆ ಸರ್ಕಾರದ ಮುಂಬಾಗಿಲು. ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ, ಪಿಂಚಣಿ ಎಲ್ಲವೂ ಇಲ್ಲಿಂದಲೇ. ಅರ್ಜಿ ಇಲ್ಲಿ ದಾಖಲಾಗಿ ಗ್ರಾಮ ಆಡಳಿತ ಅಧಿಕಾರಿಯ ವರದಿಗೆ ಇಳಿದು, ಕಂದಾಯ ನಿರೀಕ್ಷಕರಿಗೆ ಏರಿ, ಉಪ ತಹಶೀಲ್ದಾರರ ಸಹಿಗೆ ಬರುತ್ತದೆ. ಸಕಾಲ ಕಾಯ್ದೆ ಬಂದಂದಿನಿಂದ ಇದಕ್ಕೆಲ್ಲ ಗಡುವಿದೆ. ಕಿಟಕಿಯ ಬಳಿ ನಿಂತುಕೊಳ್ಳಿ. ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳ ಸರದಿ. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಕಾಗದಗಳೆಲ್ಲ ಸರಿಯಾಗಿವೆ, ಪ್ಲಾಸ್ಟಿಕ್ ಕವರಿನಲ್ಲಿ ಒಂದರ ಮೇಲೊಂದು ಜೋಡಿಸಿ ತಂದಿದ್ದಾಳೆ.

‘ಒಟಿಪಿ ಯಾರ ಫೋನಿಗೆ ಬರ್ತದ ತಂಗಿ?’

‘ಅಪ್ಪನ ಫೋನಿಗ್ರೀ ಸರ.’

‘ಅಪ್ಪಗ ಕರಿ.’

‘ಪುಣಾದಾಗ ಅದಾನ್ರೀ.’

ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಫೋನು ಕೊಡುತ್ತಾಳೆ. ಮೊದಲ ಸಲ ರಿಂಗಾಗಿ ನಿಲ್ಲುತ್ತದೆ. ಎರಡನೇ ಸಲ ಎತ್ತಿದಾಗ ಆ ಕಡೆ ಮಿಕ್ಸರ್ ಯಂತ್ರದ ಸದ್ದು ನಿಮಗೂ ಕೇಳಿಸುತ್ತದೆ. ಸ್ಲ್ಯಾಬ್ ಹಾಕುವ ಕೆಲಸ ನಡೆದಿರಬೇಕು. ‘ಅಪ್ಪಾ, ಮೆಸೇಜ್ ಬಂದದ ನೋಡು. ನಂಬರ್ ಓದು,’ ಎಂದು ಹುಡುಗಿ ಕೂಗುತ್ತಾಳೆ. ಆ ಕಡೆ ಮೌನ. ‘ಓದಾಕ ಆಗಲಿಲ್ಲಂದ್ರ ಮೇಸ್ತ್ರಿ ಕೈಯಾಗ ಕೊಡು, ಅಪ್ಪಾ.’ ಮೇಸ್ತ್ರಿ ಸಿಕ್ಕಿ, ಕನ್ನಡಕ ಹುಡುಕಿ, ಆರು ಅಂಕಿ ಓದಿ ಹೇಳುವಷ್ಟರಲ್ಲಿ ಆ ಒಟಿಪಿಯ ವೇಳೆ ಮುಗಿದಿರುತ್ತದೆ. ಆಪರೇಟರ್ ಸಿಡುಕುವುದಿಲ್ಲ. ಇನ್ನೊಂದು ಕಳಿಸುತ್ತಾನೆ. ಸಾಲಿನಲ್ಲಿ ಯಾರೂ ಗೊಣಗುವುದಿಲ್ಲ. ಅವರಲ್ಲಿ ಹಲವರ ಒಟಿಪಿಯೂ ಹೊರಊರಿನಲ್ಲೇ ಇದೆ.

2011ರ ಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83. ರಾಜ್ಯದ್ದು 75.36. ಕರ್ನಾಟಕದಲ್ಲಿ ಇದಕ್ಕಿಂತ ಕೆಳಗೆ ಇನ್ನೊಂದು ಜಿಲ್ಲೆ ಇರಲಿಲ್ಲ. ಹೆಣ್ಣುಮಕ್ಕಳಲ್ಲಿ ಹತ್ತಕ್ಕೆ ನಾಲ್ವರಷ್ಟೇ ಓದಬಲ್ಲವರು. ಅದೇ ಜಿಲ್ಲೆಯ ಈ ಹುಡುಗಿ ಕೈಗೆ ರಸೀದಿ ಬಂದ ಕೂಡಲೇ ಅದರ ಮೇಲಿನ ತನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ಓದಿ ನೋಡುತ್ತಾಳೆ.

ಮಧ್ಯಾಹ್ನದ ಮೇಲೆ ಭೀಮಾ ಸೇತುವೆ ದಾಟಿ ಶಹಾಪುರದ ಕಡೆಗೆ ಹೋಗಿ. ಈ ಹೊಳೆ ಜಿಲ್ಲೆಯನ್ನು ಎರಡು ಮಾಡಿದೆ. ಪೂರ್ವಕ್ಕೆ ಯಾದಗಿರಿ, ಗುರುಮಠಕಲ್. ಮಳೆ ನಂಬಿದ ನೆಲ. ಪಶ್ಚಿಮಕ್ಕೆ ಕೃಷ್ಣಾ, ಭೀಮಾ ನಡುವಿನ ಶಹಾಪುರ, ಸುರಪುರ, ಹುಣಸಗಿ. ಅಲ್ಲಿ ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆ ಹರಿಯುತ್ತದೆ. ಅರ್ಧ ದಿನ ಬೋಳು ಹೊಲ ನೋಡಿದ ಕಣ್ಣಿಗೆ ಭತ್ತದ ಹಸಿರು ಚುಚ್ಚುತ್ತದೆ. ಟಂಟಂಗಳಲ್ಲಿ ಹೆಂಗಸರು ಕಳೆ ತೆಗೆಯಲು ಹೋಗುತ್ತಿದ್ದಾರೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಕೇಳುತ್ತದೆ. ಕಾಲುವೆಯ ಕೊನೆ ಭಾಗದ ರೈತರು ವಾರಾಬಂದಿಯ, ಅಂದರೆ ತಮ್ಮ ನೀರಿನ ಸರದಿಯ, ದಿನ ಎಣಿಸುತ್ತಿದ್ದಾರೆ. ಒಂದೇ ಜಿಲ್ಲಾಧಿಕಾರಿ, ಒಂದೇ ಜಿಲ್ಲಾ ಪಂಚಾಯಿತಿ. ಆದರೆ ಹೊಳೆಯ ಆ ಕಡೆ ಬೀಗ, ಈ ಕಡೆ ಕೂಲಿಗೆ ಕರೆ. ಜಿಲ್ಲೆಗೆಂದು ತೆಗೆದ ಯಾವ ಸರಾಸರಿಯೂ ಎರಡು ದಡಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಬೆಳೆದು ದೊಡ್ಡವನಾದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಎರಡು ವರ್ಷಕ್ಕೆ ಸಂಸ್ಥಾನ ನಿಜಾಮನ ಪಾಲಾಯಿತು. 1865ರಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ತಂದ ಜಿಲಾಬಂದಿ ಎಂಬ ಜಿಲ್ಲಾ ವ್ಯವಸ್ಥೆಯಲ್ಲಿ ಜಿಲ್ಲೆಯ ದೊರೆ ಅವ್ವಲ್ ತಾಲ್ಲೂಕ್‌ದಾರ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಇಷ್ಟು ಆಡಳಿತಗಳ ಗುರುತು ತಹಶೀಲ್ ಕಚೇರಿಗಳ ದಾಖಲೆ ಕೋಣೆಯಲ್ಲಿದೆ. ಆಸ್ತಿ ತಂಟೆ ಬಂದರೆ ಇಂದಿಗೂ ಹುಡುಕುವುದು 1954-55ರ ಖಾಸರಾ ಪಹಣಿಯನ್ನು. ಹಳೆಯ ಉರ್ದು ಕಾಗದ ಓದಬಲ್ಲವರನ್ನು ಕಕ್ಷಿದಾರರೇ ಹುಡುಕಿಕೊಂಡು ತಿರುಗುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಈ ಆಡಳಿತಗಳೆಲ್ಲ ಒಂದೇ: ಕಂದಾಯ ನೆಲದ ಮೇಲೆ, ಆದ್ದರಿಂದ ಲೆಕ್ಕವೂ ನೆಲದ್ದು. ಹೊಲ ಎಲ್ಲಿದೆಯೋ ಅಲ್ಲೇ ರೈತ ಇರುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಕಚೇರಿಗಳಿವು. ಹೊಲ ಇಲ್ಲದವನು, ಇದ್ದರೂ ಐದು ತಿಂಗಳು ಬೇರೆಡೆ ದುಡಿಯುವವನು ಇವುಗಳ ಕಣ್ಣಿಗೆ ಅರ್ಧವೇ ಬೀಳುತ್ತಾನೆ.

ಸಂಜೆಗೆ ಯಾದಗಿರಿಯ ಜಿಲ್ಲಾಡಳಿತ ಭವನಕ್ಕೆ ಬನ್ನಿ. ಕಾರಿಡಾರಿನಲ್ಲಿ ಕಡತ ಹಿಡಿದ ಅಧಿಕಾರಿಗಳು ಸಭೆಯಿಂದ ಸಭೆಗೆ ನಡೆಯುತ್ತಿದ್ದಾರೆ. ಕೆಲವು ಬಾಗಿಲುಗಳ ಫಲಕದಲ್ಲಿ ಹೆಸರಿನ ಮುಂದೆ ‘ಪ್ರಭಾರ’ ಎಂದಿದೆ; ಒಬ್ಬರೇ ಎರಡು ಕುರ್ಚಿ. 2018ರಲ್ಲಿ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ತಾಲ್ಲೂಕುಗಳು ಆರಾದವು. ಶಾಸಕರು ನಾಲ್ವರು. ಲೋಕಸಭೆಗೆ ಜಿಲ್ಲೆಗೆ ಸ್ವಂತ ಕ್ಷೇತ್ರವಿಲ್ಲ: ಗುರುಮಠಕಲ್ ಕಲಬುರಗಿಗೆ, ಉಳಿದ ಮೂರು ರಾಯಚೂರಿಗೆ. ನೆರವಿನ ಕಟ್ಟಳೆಗಳಿಗೆ ಕೊರತೆಯಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಅಂದಿನ ಇಲ್ಲಿನ ಮೂರೂ ಇದ್ದವು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. 2018ರಲ್ಲಿ ಕೇಂದ್ರ ಹೆಸರಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳಲ್ಲಿ ಕರ್ನಾಟಕದ್ದು ಎರಡೇ: ರಾಯಚೂರು ಮತ್ತು ಯಾದಗಿರಿ. ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಇಲಾಖೆಗಳು ಗುರಿ, ಸಾಧನೆ, ಶೇಕಡಾವಾರು ಎಂದು ಓದುತ್ತವೆ. ಗರ್ಭಿಣಿಯರ ನೋಂದಣಿ, ಲಸಿಕೆಯಂಥ ಗುರಿಗಳಿಗೆ ಭಾಜಕ ಒಂದೇ, ಹದಿನೈದು ವರ್ಷದ ಹಿಂದಿನ ಫೆಬ್ರುವರಿಯ ಜನಸಂಖ್ಯೆಯಿಂದ ಎಳೆದ ಅಂದಾಜು. ಗರ್ಭಿಣಿ ಇಲ್ಲಿ ನೋಂದಾಯಿಸಿ, ಪುಣೆಯಲ್ಲಿ ಹೆತ್ತು, ಯುಗಾದಿಗೆ ಕೂಸಿನೊಂದಿಗೆ ಮರಳಿದರೆ ಅವಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಆಶಾ ಕಾರ್ಯಕರ್ತೆ ಪ್ರತಿ ವರ್ಷ ಕೇಳುತ್ತಾಳೆ.

ಇಡೀ ದಿನ ನೋಡಿದ್ದರಿಂದ ಬರುವ ತೀರ್ಮಾನ ಒಂದೇ. ಈ ಜಿಲ್ಲೆಯ ಆಡಳಿತಕ್ಕೆ ಜನರ ಬಗ್ಗೆ ಗೊತ್ತಿಲ್ಲದ್ದು ಬಹಳ ಇಲ್ಲ. ಬೀಗ ಹಾಕಿದ ಮನೆಯವರು ಎಲ್ಲಿದ್ದಾರೆ ಎಂದು ತಲಾಟಿಗೆ ಗೊತ್ತು, ಆಶಾಗೆ ಗೊತ್ತು, ಶಾಲೆಯ ಮೇಷ್ಟ್ರಿಗೆ ಗೊತ್ತು. ಅವರಿಗೆ ಗೊತ್ತಿರುವುದನ್ನು ಬರೆಯಲು ಸರ್ಕಾರದ ಯಾವ ವಹಿಯಲ್ಲೂ ಜಾಗ ಇಲ್ಲ. ಗುಳೆ ಹೋಗುವವರ ವಹಿಯೊಂದನ್ನು ಪ್ರತಿ ಪಂಚಾಯಿತಿ ಇಟ್ಟರೆ, ಯಾರು, ಎಲ್ಲಿಗೆ, ಯಾವಾಗ, ಜೊತೆಗೆ ಎಷ್ಟು ಮಕ್ಕಳು ಎಂದು ಬರೆದರೆ, ಅರ್ಧ ಕೆಲಸ ಆದಂತೆ. ಅದಕ್ಕೆ ಹೊಸ ಆ್ಯಪು ಬೇಡ.

ಇನ್ನರ್ಧ ಕೆಲಸ ಇದನ್ನು ಓದುತ್ತಿರುವ ನಿಮ್ಮದು, ಅದರಲ್ಲೂ ಬೆಂಗಳೂರು, ಪುಣೆ, ಮುಂಬೈಗಳಲ್ಲಿರುವವರದು. ಮುಂದಿನ ಜನಗಣತಿಗೆ ಗೊತ್ತುಪಡಿಸಿದ ಗಳಿಗೆ 2027ರ ಮಾರ್ಚ್ 1ರ ಸೊನ್ನೆ ಗಂಟೆ. ಮತ್ತೆ ಅದೇ ಹಂಗಾಮು, ಬೀಗದ ಕಾಲ. ಗಣತಿದಾರರು ನಿಮ್ಮ ಬೀದಿಗೆ ಬಂದಾಗ ನಿಮ್ಮ ಮನೆಯ ವಿವರ ಬರೆಸಿ ಸುಮ್ಮನಾಗಬೇಡಿ. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದ ಹಿಂದಿನ ಶೆಡ್ಡುಗಳನ್ನು ತೋರಿಸಿ. ಅಲ್ಲಿರುವವರ ಹೆಸರು ಬರೆದುಕೊಂಡರೆ ಸಾಲದು. ಹುಟ್ಟಿದ್ದು ಎಲ್ಲಿ, ಹಿಂದೆ ವಾಸವಿದ್ದದ್ದು ಎಲ್ಲಿ, ಬಂದ ಕಾರಣವೇನು ಎಂಬ ಪ್ರಶ್ನೆಗಳು 2011ರ ನಮೂನೆಯಲ್ಲೂ ಇದ್ದವು. ಅವಕ್ಕೆ ಉತ್ತರ ಬರೆಸಿ. ಅಲ್ಲಿ ಯಾದಗಿರಿ ಎಂದು ಬರೆದರೆ ಮಾತ್ರ ತನ್ನ ಜನರಲ್ಲಿ ಎಷ್ಟು ಮಂದಿ ಹೊರಗಿದ್ದಾರೆಂದು ಯಾದಗಿರಿಗೆ ಗೊತ್ತಾಗುತ್ತದೆ.